ಬೆಚ್ಚಗಾಗುವ ತನಕ

ಪೆಟ್ಟಿಗೆ ಬಂದದ್ದು ಮಧ್ಯಾಹ್ನ ಮೂರಕ್ಕೆ. ಆಗಲೇ ಕತ್ತಲು.
ಕಿರುನಾದಲ್ಲಿ ಡಿಸೆಂಬರಿನ ಹಗಲು ಅಂದರೆ
ಯಾರೋ ಬಾಗಿಲು ಸಂದು ಮಾಡಿ ಇಣುಕಿ ಹೋದಷ್ಟೇ.
ಹೊರಗೆ ಸೊನ್ನೆಗಿಂತ ಇಪ್ಪತ್ತೊಂಬತ್ತು ಕೆಳಗೆ.
ಲಾರಿಯ ಹುಡುಗ ರುಜು ಹಾಕಿಸಿಕೊಂಡು ಹೇಳಿದ:
"ನಾಳೆ ಇದೇ ಹೊತ್ತಿನ ತನಕ ತೆರೀಬೇಡಿ.
ಮರ ಬೆಚ್ಚಗಾಗಲಿ. ಅವಸರ ಮಾಡಿದರೆ ಮೆರುಗು ಬಿರಿಯುತ್ತೆ,
ಜೇಡರ ಬಲೆ ಹಾಗೆ."
ನನಗೆ ಗೊತ್ತಿತ್ತು.
ಆದರೂ ಮೀಸೆ ಬಾರದವನ ಬಾಯಲ್ಲಿ ಕೇಳಿ ಸಿಟ್ಟು ಬಂತು.

ಅಟ್ಟದ್ದು ಆರುವ ತನಕ ಕಾಯುವುದು ಎಲ್ಲರಿಗೂ ಗೊತ್ತು.
ಆರಿದ್ದು ಬೆಚ್ಚಗಾಗುವ ತನಕ ಕಾಯುವುದು
ಬೇರೆಯದೇ ಹಸಿವು.

ರಾತ್ರಿ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸೇರಿದೆವು.
ಒಂದೇ ಕಟ್ಟಡದವರು, ಮೆಟ್ಟಿಲಿಳಿದರೆ ಸಾಕು,
ಗಿಟಾರಿಗೆ ಚಳಿ ತಾಗುವುದಿಲ್ಲ.
ಮೇಲೆ ಮನೆಗಳಲ್ಲಿ ಹೀಟರಿನ ಒಣಹವೆ ಮರವನ್ನು ಸೀಳುತ್ತದೆ,
ಇಲ್ಲಿ ಒಗೆದ ಹಾಸುಗಳ ಉಗಿ, ಸೋಪಿನ ವಾಸನೆ.
ನಡುವೆ, ಇಸ್ತ್ರಿ ಮೇಜಿನ ಮೇಲೆ, ನನ್ನ ಪೆಟ್ಟಿಗೆ.

"ಐರಾ, ಎಷ್ಟು ಕೊಟ್ಟೆ?"
ಮೂರರಲ್ಲಿ ಒಂದು ಪಾಲು ನುಂಗಿ ಹೇಳಿದೆ.
ಎಲ್ಲರೂ ತಲೆಯಾಡಿಸಿದರು,
ತಾವೂ ನುಂಗಿದವರ ಮರ್ಯಾದೆಯಿಂದ.
"ಇದು ಎಷ್ಟನೆಯದು?"
"ಐದನೆಯದು. ಕೊನೆಯದು."
ಗುನ್‌ವೋರ್ ನಕ್ಕು ನಕ್ಕು ಕೆಮ್ಮಿದಳು.

ತೌನೋ ಮೂವತ್ತು ವರ್ಷ ಗಣಿಯಲ್ಲಿ ಮದ್ದು ತುಂಬಿದವನು.
ಈ ಶರತ್ಕಾಲದಲ್ಲಿ ಕೊಂಡದ್ದು ಹನ್ನೆರಡು ತಂತಿಯದು.
"ಒಂದು ಕಿವಿ ಹೋಗಿದೆ, ಅದಕ್ಕೇ ಡಬಲ್ ಹಾಕಿಸಿದೆ" ಅನ್ನುತ್ತಾನೆ.
ಶ್ರುತಿ ಮಾಡುವಷ್ಟರಲ್ಲಿ ಒಂದು ಮೆಷಿನ್ ಬಟ್ಟೆ ಒಗೆದಾಗುತ್ತದೆ.
ಆಮೇಲೆ ಅವನು ನುಡಿಸುವುದೇ ಇಲ್ಲ, ತೃಪ್ತಿಯಿಂದ ನೋಡುತ್ತಾನೆ.

ಗುನ್‌ವೋರಳದು ಹಳೆಯ ಹೊಸದು,
ಲೂಲಿಯೋದ ಹರಾಜಿನಲ್ಲಿ ಸಿಕ್ಕಿದ್ದು.
ಬಾಯೊಳಗೆ ಟಾರ್ಚು ಬಿಟ್ಟರೆ ಪೆನ್ಸಿಲಿನಲ್ಲಿ
ಒಂದು ಹೆಸರು, ಅರ್ಧ ಅಳಿಸಿದ್ದು,
ಕೆಳಗೆ: ಹಾಲು, ಸೀಮೆಎಣ್ಣೆ, ಮೊಳೆ.
ಕುತ್ತಿಗೆಯ ಹಿಂದೆ ಯಾರದೋ ಹೆಬ್ಬೆರಳು ಸವೆಸಿದ ಗುಳಿ.
"ನಾನು ಬೇರೆ ಕಡೆ ಹಿಡಿದರೂ ಬೆರಳು ಅಲ್ಲಿಗೇ ಜಾರುತ್ತೆ,
ಕಲಿಯದ ಹಾಡು ಬರೋದಕ್ಕೆ ನೋಡುತ್ತೆ.
ನಾನು ಬಿಡೋದಿಲ್ಲ" ಅಂದಳು,
ಶಾಲೆಯ ಅಡುಗೆಮನೆಯಲ್ಲಿ ಮಕ್ಕಳನ್ನು ಗದರುವ ದನಿಯಲ್ಲಿ.

ತೆಸ್ಫಾಲೆಮ್ ಬಸ್ಸು ಓಡಿಸುತ್ತಾನೆ.
ಅವನದು ಎಲೆಕ್ಟ್ರಿಕ್, ಟೊಮೇಟೊ ಕೆಂಪು.
ಆಂಪ್ಲಿಫಯರ್ ಮುಂದಿನ ಸಂಬಳಕ್ಕೆ.
ಅಲ್ಲಿಯವರೆಗೆ ಗಿಟಾರಿನ ಕೊಂಬನ್ನು
ಕಪಾಟಿನ ಬಾಗಿಲಿಗೆ ಒತ್ತಿ ಹಿಡಿದು ಬಾರಿಸುತ್ತಾನಂತೆ.
"ಕಪಾಟು ಹಾಡುತ್ತೆ. ಒಳಗಿನ ಕೋಟುಗಳು ಕೇಳುತ್ತವೆ."
ಅವನಮ್ಮನ ಕ್ರಾರ್‌ಗೆ ಐದೇ ತಂತಿ.
ಆರನೆಯದರ ಜೊತೆ ಇವನಿಗೆ ಇನ್ನೂ
ನಮಸ್ಕಾರ, ಚೆನ್ನಾಗಿದ್ದೀರಾ, ಅಷ್ಟೇ.

ಬೆರಳ ತುದಿಗಳನ್ನು ದೀಪಕ್ಕೆ ಹಿಡಿದು ಜಡ್ಡು ಹೋಲಿಸಿದೆವು.
ಕಾಫಿ ಮುಗಿಯಿತು. ಮಾತು ಮುಗಿಯಿತು.
ಯಾರೂ ಏಳಲಿಲ್ಲ.

ಒಂದೂವರೆಗೆ, ದಿನವೂ ಆಗುವ ಹಾಗೆ,
ಒಂದು ಕಿಲೋಮೀಟರು ಕೆಳಗೆ ಗಣಿ ಸಿಡಿಯಿತು.
ಊರು ಮಲಗಿದಲ್ಲೇ ಮಗ್ಗುಲಾಯಿತು.
ಕಪ್ಪಿನ ತಳದಲ್ಲಿ ಕಾಫಿ ನಡುಗಿತು,
ಗೋಡೆಗೆ ಒರಗಿಸಿದ್ದ ಗಿಟಾರುಗಳು
ಯಾರ ಬೆರಳೂ ಇಲ್ಲದೆ ಗುಂಯ್‌ಗುಟ್ಟಿದವು.
ತೌನೋನ ಹನ್ನೆರಡು ತಂತಿ ಎಲ್ಲಕ್ಕಿಂತ ಕೊನೆಗೆ ಸುಮ್ಮನಾಯಿತು.
ಸುಮ್ಮನಾದ ಮೇಲೂ
ಏನೋ ಉಳಿದಿತ್ತು.

ತೌನೋ ಎದ್ದ. ಕೇಳದ ಕಿವಿಯವನು,
ರಟ್ಟಿನ ಮೇಲೆ ಅಂಗೈ ಇಟ್ಟ.
"ಇದೆ" ಅಂದ.
ಅಂಗಡಿಯವರು ಸಡಿಲ ಬಿಟ್ಟ ತಂತಿ,
ಶ್ರುತಿಯಿಲ್ಲ, ಸ್ವರವಿಲ್ಲ,
ನಿದ್ದೆಗಣ್ಣಲ್ಲಿ ಕರೆದರೆ ಬರುವ ಹ್ಞೂಂ.
"ರಿಷಭ ಇರಬಹುದು" ಅಂದಿತು ನನ್ನ ಮನಸ್ಸು.
"ನೀರಿನ ಪೈಪು" ಅಂದಳು ಗುನ್‌ವೋರ್.
ತೆಸ್ಫಾಲೆಮ್ ಪೆಟ್ಟಿಗೆಗೆ ಕೆನ್ನೆ ಇಟ್ಟು
ತುಂಬ ಹೊತ್ತು ಹಾಗೇ ನಿಂತ, ಏನೂ ಹೇಳಲಿಲ್ಲ.

ನಾನು ಅಂಟುಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ
ಮತ್ತೆ ಒತ್ತಿದೆ.
ರಟ್ಟು ಇನ್ನೂ ತಣ್ಣಗಿತ್ತು.
ಇನ್ನು ಹದಿಮೂರೂವರೆ ಗಂಟೆ.